ಮಹಿಳೆಯರು ಬರೆದ ವಿಚಿತ್ರ ಸಣ್ಣಕಥೆಗಳು: ಎಲ್ಲಿಂದ ಶುರು ಮಾಡಲಿ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳತಿಯರು ತಿಂಗಳಿಗೊಮ್ಮೆ ಸೇರಿ ಒಂದು ಸಣ್ಣಕಥೆ ಓದಿ ಮಾತಾಡುತ್ತೇವೆ. ಇನ್ನು ಕೆಲವು ತಿಂಗಳು ಮಹಿಳೆಯರು ಬರೆದ ವಿಚಿತ್ರ ಕಥೆಗಳನ್ನೇ ಓದೋಣ ಅಂತ ನಾನು ಹೇಳಿದೆ. ಫ್ಯಾಂಟಸಿ, ಸೈನ್ಸ್ ಫಿಕ್ಷನ್, ದೆವ್ವದ ಕಥೆ, ಯಾವ ಗುಂಪಿಗೂ ಸೇರದ ಕನಸಿನಂಥ ಕಥೆ, ಯಾವುದಾದರೂ ಸರಿ.

ಒಬ್ಬ ಗೆಳತಿ ಕೂಡಲೇ ಬೇಡ ಅಂದಳು. ಅವಳ ವಾದ ಹೀಗಿದೆ: "ಇಂಥ ಕಥೆಗಳಲ್ಲಿ ಒಂದು ಸಂದೇಶ ಇದ್ದೇ ಇರುತ್ತದೆ. ಲೋಕ ಹೆಂಗಸರಿಗೆ ಅನ್ಯಾಯ ಮಾಡುತ್ತದೆ ಅಂತ. ಅದು ನನಗೂ ಗೊತ್ತು. ಅದನ್ನು ಹೇಳೋಕೆ ಬೇರೆ ಗ್ರಹ ಯಾಕೆ ಬೇಕು? ಲೇಖನ ಬರೆದರೆ ಸಾಕಲ್ವಾ?" ಅವಳು ಓದಿರುವುದು ಬೇಗಂ ರೊಕೇಯಾ ಅವರ 'ಸುಲ್ತಾನಾಸ್ ಡ್ರೀಮ್' ಒಂದೇ. ನಾನು ಓದಿರುವುದೂ ಜಾಸ್ತಿ ಏನಿಲ್ಲ. ಶರ್ಲಿ ಜಾಕ್ಸನ್ ಅವರ 'ದಿ ಲಾಟರಿ', ಅರ್ಸುಲಾ ಲೆ ಗ್ವಿನ್ ಅವರ ಓಮೆಲಾಸ್ ಕಥೆ, ಅಷ್ಟೇ. ಎರಡೂ ನನ್ನನ್ನು ತುಂಬಾ ಕಾಡಿವೆ. ಬರೀ ಸಂದೇಶ ಆಗಿದ್ದರೆ ಹಾಗೆ ಕಾಡುತ್ತಿರಲಿಲ್ಲ ಅನ್ನುವುದು ಖಚಿತ. ಆದರೆ ಅವಳಿಗೆ ಏನು ಉತ್ತರ ಕೊಡಬೇಕು ಅಂತ ಹೊಳೆಯುತ್ತಿಲ್ಲ.

ಯಾವ ಕಥೆಯಿಂದ ಶುರು ಮಾಡಲಿ? ಸುಮ್ನೆ ಪಟ್ಟಿ ಬೇಡ. ಯಾಕೆ ಆ ಕಥೆ ಅಂತಲೂ ಹೇಳಿ.

ಗೂಬೆಕಣ್ಣು

ಲಿಯೊನೋರಾ ಕ್ಯಾರಿಂಗ್ಟನ್ ಅವರ 'ದಿ ಡೆಬ್ಯುಟಾಂಟ್' ಓದಿಸಿ. ಬರೀ ಕೆಲವೇ ಪುಟ. ಅವರು ಸರ್ರಿಯಲಿಸ್ಟ್, ಅಂದರೆ ಕನಸಿನಂಥ ಚಿತ್ರ ಬರೆಯುವ, ಚಿತ್ರಕಾರ್ತಿ. ಕಥೆಯಲ್ಲಿ ಒಬ್ಬ ಶ್ರೀಮಂತರ ಮನೆ ಹುಡುಗಿಗೆ ತನ್ನ ಗೌರವಕ್ಕೆ ಅಂತ ಏರ್ಪಡಿಸಿದ ನೃತ್ಯಕೂಟಕ್ಕೆ ಹೋಗಲು ಇಷ್ಟವಿಲ್ಲ. ಮೃಗಾಲಯದಲ್ಲಿ ಅವಳಿಗೆ ಒಂದು ಕತ್ತೆಕಿರುಬ ಗೆಳತಿ. ತನ್ನ ಬದಲು ಅದನ್ನೇ ಉಡುಪು ಹಾಕಿಸಿ ಕಳಿಸುತ್ತಾಳೆ. ಆದರೆ ಅದಕ್ಕೊಂದು ಮುಖ ಬೇಕಲ್ಲ. ಆ ಮುಖ ಎಲ್ಲಿಂದ ಬರುತ್ತದೆ ಅನ್ನುವುದೇ ಕಥೆ. ಅದರಲ್ಲಿ ಸಂದೇಶ ಹುಡುಕಿ ತೋರಿಸಲಿ ನಿಮ್ಮ ಗೆಳತಿ.

ಆಮೇಲೆ ಆಕ್ಟೇವಿಯಾ ಬಟ್ಲರ್ ಅವರ 'ಬ್ಲಡ್‌ಚೈಲ್ಡ್'. 1984ರಲ್ಲಿ ಬಂದದ್ದು. ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಗಳಾದ ಹ್ಯೂಗೊ, ನೆಬ್ಯುಲಾ ಎರಡೂ ಸಿಕ್ಕಿವೆ. ಊಟಕ್ಕೆ ಮುಂಚೆ ಮಾತ್ರ ಓದಬೇಡಿ.

ಹಳೇಪುಟ

ನಿಮ್ಮ ಗೆಳತಿಯ ಪ್ರಶ್ನೆ ಒಳ್ಳೆಯ ಪ್ರಶ್ನೆ. ತಳ್ಳಿಹಾಕಬೇಡಿ. ಬೇರೆ ಗ್ರಹ ಯಾಕೆ ಬೇಕು ಅಂತ ಕೇಳುವವರು ಗಮನವಿಟ್ಟು ಓದುವವರು.

ನನ್ನ ಉತ್ತರ ಒಂದೇ. ಕಥೆ ಏನು ಹೇಳುತ್ತಿದೆ ಅನ್ನುವುದಕ್ಕಿಂತ ಮೊದಲು, ಕಥೆಯನ್ನು ಯಾರು ಹೇಳುತ್ತಿದ್ದಾರೆ ಅಂತ ನೋಡಿ. ಇದನ್ನು ನನಗೆ ಕಲಿಸಿದ್ದು ನನ್ನ ಅಮ್ಮ. ಅವರಿಗೆ ಈಗ ಕಣ್ಣು ಮಂಜು. ಸಂಜೆ ಹೊತ್ತು ನಾನು ಇಂಗ್ಲಿಷ್ ಕಥೆಗಳನ್ನು ಓದುತ್ತಾ ಓದುತ್ತಾ ಅಲ್ಲೇ ಕನ್ನಡದಲ್ಲಿ ಹೇಳುತ್ತೇನೆ. ಎರಡು ಪುಟ ಆಗುವಷ್ಟರಲ್ಲಿ ಅಮ್ಮ ತಡೆದು ಕೇಳುತ್ತಾರೆ: "ಇರು, ಇದನ್ನ ಹೇಳ್ತಿರೋದು ಯಾರು? ಅವರಿಗೆ ಇದು ಹೇಗೆ ಗೊತ್ತಾಯ್ತು?" ಈ ಬಗೆಯ ಕಥೆಗಳನ್ನು ಓದುವಾಗ ಈ ಪ್ರಶ್ನೆ ಎಷ್ಟು ಕೆಲಸಕ್ಕೆ ಬರುತ್ತದೆ ಅಂದರೆ, ಈಗ ನಾನು ಒಬ್ಬಳೇ ಓದುವಾಗಲೂ ಅದನ್ನೇ ಕೇಳಿಕೊಳ್ಳುತ್ತೇನೆ.

ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಅವರ 'ದಿ ವಿಮೆನ್ ಮೆನ್ ಡೋಂಟ್ ಸೀ' ನೋಡಿ. 1973ರ ಕಥೆ. ಹೇಳುವವನು ಡಾನ್ ಫೆಂಟನ್ ಅನ್ನುವ ಗಂಡಸು. ಮೆಕ್ಸಿಕೊದ ಯುಕಟಾನ್ ಕಡೆ ಒಂದು ಪುಟ್ಟ ವಿಮಾನದಲ್ಲಿ ಹೋಗುತ್ತಿದ್ದಾನೆ. ಜೊತೆಗೆ ಒಬ್ಬ ತಾಯಿ, ಒಬ್ಬ ಮಗಳು. ಮೊದಲ ಸಲ ನೋಡಿದಾಗ ಅವನ ಕಣ್ಣಿಗೆ ಅವರು ಎರಡು ಮಸುಕಾದ ಆಕಾರ ಮಾತ್ರ. ವಿಮಾನ ಕೆಳಗಿಳಿದು ಕೆಟ್ಟು ನಿಲ್ಲುತ್ತದೆ. ಫೆಂಟನ್ ಮತ್ತು ತಾಯಿ ರೂತ್ ಕುಡಿಯುವ ನೀರು ಹುಡುಕಿಕೊಂಡು ಹೊರಡುತ್ತಾರೆ. ಇಲ್ಲಿಂದ ಮುಂದೆ ಫೆಂಟನ್‌ಗೆ ರೂತ್ ಬಗ್ಗೆ ನೂರೆಂಟು ಊಹೆ. ಅವಳು ಹೆದರಿದ್ದಾಳೆ, ಅವಳಿಗೆ ನನ್ನ ಮೇಲೆ ಅನುಮಾನ, ಅವಳಿಗೆ ನನ್ನ ಮೇಲೆ ಆಸೆ. ಎಲ್ಲ ಊಹೆಯೂ ತಪ್ಪು. ಅವಳ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ನಡೆಯುತ್ತಿದೆ. ಕೊನೆಗೆ ಅನ್ಯಗ್ರಹದವರು ಎದುರಾದಾಗ ಫೆಂಟನ್ ರೂತ್‌ಳನ್ನು ಕಾಪಾಡಲು ನೋಡುತ್ತಾನೆ. ರೂತ್ ಆ ಅನ್ಯಗ್ರಹದವರ ಹತ್ತಿರವೇ ನಮ್ಮನ್ನು ಕರೆದುಕೊಂಡು ಹೋಗಿ ಅಂತ ಬೇಡಿಕೊಳ್ಳುತ್ತಾಳೆ.

ಇದೇ ಕಥೆಯನ್ನು ರೂತ್ ಹೇಳಿದ್ದರೆ? ಆಗ ನಿಮ್ಮ ಗೆಳತಿ ಹೇಳಿದಂತೆ ಅದು ಲೇಖನವೇ ಆಗುತ್ತಿತ್ತು. ನನಗೆ ಹೀಗೀಗೆ ಅನ್ಯಾಯವಾಗಿದೆ, ಅದಕ್ಕೆ ಹೊರಟೆ ಅಂತ. ಆದರೆ ಹೇಳುವವನು ಫೆಂಟನ್. ಅವನು ಕೆಟ್ಟವನಲ್ಲ. ಧೈರ್ಯ ಇದೆ, ಸಹಾಯ ಮಾಡುವ ಮನಸ್ಸಿದೆ. ಕಣ್ಣ ಮುಂದೆ ಇರುವ ಹೆಂಗಸು ಮಾತ್ರ ಅವನಿಗೆ ಕಾಣುವುದಿಲ್ಲ. ಓದುವ ನಾವು ಅವನ ಕಣ್ಣಿನಿಂದಲೇ ನೋಡಬೇಕು. ಅವನಿಗೆ ಕಾಣದ್ದು ನಮಗೆ ಕಾಣುತ್ತದಾ ಅನ್ನುವುದೇ ಪರೀಕ್ಷೆ. ಸಂದೇಶವನ್ನು ಯಾರೂ ಕೈಗೆ ಕೊಡುವುದಿಲ್ಲ, ಅಲ್ವಾ?

ಟಿಪ್‌ಟ್ರೀ ಅನ್ನುವುದು ಆಲಿಸ್ ಶೆಲ್ಡನ್ ಅನ್ನುವ ಮಹಿಳೆ ಇಟ್ಟುಕೊಂಡಿದ್ದ ಹೆಸರು. ಒಂದು ಮಾರ್ಮಲೇಡ್ ಬಾಟಲಿಯ ಮೇಲಿದ್ದ ಹೆಸರನ್ನು ಎತ್ತಿಕೊಂಡರು. ಅವರು ಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ವಿಮಾನದಿಂದ ತೆಗೆದ ಫೋಟೋಗಳನ್ನು ಪರಿಶೀಲಿಸುವ ಕೆಲಸ ಮಾಡಿದವರು. ಆಮೇಲೆ ಸಿಐಎಯಲ್ಲಿದ್ದರು. ಆಮೇಲೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಟಿಪ್‌ಟ್ರೀ ಯಾರು ಅಂತ ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. 1975ರಲ್ಲಿ ಅವರ ಒಂದು ಸಂಕಲನ ಬಂತು. ಅದಕ್ಕೆ ಮುನ್ನುಡಿ ಬರೆದ ರಾಬರ್ಟ್ ಸಿಲ್ವರ್‌ಬರ್ಗ್, ಇದನ್ನು ಬರೆದವರು ಹೆಂಗಸಿರಬಹುದು ಅನ್ನುವ ಗುಸುಗುಸು ಒಪ್ಪುವಂಥದ್ದಲ್ಲ, ಈ ಬರಹದಲ್ಲಿ ಗಂಡಸುತನ ಎದ್ದು ಕಾಣುತ್ತದೆ ಅಂತ ಬರೆದರು. ಫೆಂಟನ್‌ನ ಕಥೆ ಅದೇ ಸಂಕಲನದಲ್ಲಿದೆ! ಎರಡು ವರ್ಷದಲ್ಲಿ ನಿಜ ಹೊರಬಿತ್ತು. ಸಿಲ್ವರ್‌ಬರ್ಗ್ ತಿಳುವಳಿಕೆ ಇಲ್ಲದವರಲ್ಲ, ದೊಡ್ಡ ಲೇಖಕರು. ಅದಕ್ಕೇ ಈ ಪ್ರಸಂಗ ನನಗೆ ಮುಖ್ಯ ಅನಿಸುತ್ತದೆ.

ನಿಮ್ಮ ಗುಂಪಿಗೆ ಮಾತ್ರ ಮೊದಲು ಟಿಪ್‌ಟ್ರೀ ಕೊಡಬೇಡಿ. ಲೆ ಗ್ವಿನ್ ಅವರ 'ದಿ ವೈಫ್ಸ್ ಸ್ಟೋರಿ' ಕೊಡಿ. ತುಂಬಾ ಚಿಕ್ಕದು. 1982ರ 'ದಿ ಕಂಪಾಸ್ ರೋಸ್' ಸಂಕಲನದಲ್ಲಿದೆ. ಒಬ್ಬಳು ಹೆಂಡತಿ ತನ್ನ ಗಂಡನ ಬಗ್ಗೆ ಮಾತಾಡುತ್ತಾಳೆ. ಅವನು ಎಷ್ಟು ಒಳ್ಳೆಯವನಾಗಿದ್ದ, ಎಷ್ಟು ಚೆನ್ನಾಗಿ ಹಾಡುತ್ತಿದ್ದ, ಆಮೇಲೆ ಏನಾಯಿತು. ಕೊನೆ ನಾನು ಹೇಳುವುದಿಲ್ಲ. ಯಾರಿಗೂ ಮುಂಚೆ ಏನೂ ಹೇಳದೆ ಎಲ್ಲರೂ ಒಟ್ಟಿಗೆ ಜೋರಾಗಿ ಓದಿ. ಯಾರು ಹೇಳುತ್ತಿದ್ದಾರೆ ಅನ್ನುವ ಒಂದೇ ಪ್ರಶ್ನೆಯ ಮೇಲೆ ಇಡೀ ಕಥೆ ನಿಂತಿದೆ.

ಇನ್ನು ರೊಕೇಯಾ. ನಿಮ್ಮ ಗೆಳತಿ ಅದನ್ನು ಸಂದೇಶ ಅಂತ ಪಕ್ಕಕ್ಕಿಟ್ಟಿದ್ದು ನನಗೆ ನಿಜಕ್ಕೂ ಬೇಸರ ತಂದಿದೆ. 1905ರಲ್ಲಿ ಮದ್ರಾಸಿನ 'ದಿ ಇಂಡಿಯನ್ ಲೇಡೀಸ್ ಮ್ಯಾಗಜಿನ್' ಅದನ್ನು ಪ್ರಕಟಿಸಿತು. ಹೆಂಗಸರ ನಾಡು, ಪರದೆಯ ಒಳಗೆ ಗಂಡಸರು, ಸೂರ್ಯನ ಶಾಖದಿಂದ ಶತ್ರು ಸೈನ್ಯವನ್ನು ಸೋಲಿಸುವುದು, ಇಷ್ಟು ಎಲ್ಲರಿಗೂ ನೆನಪಿರುತ್ತದೆ. ಆದರೆ ಕನಸು ಕಾಣುವವಳನ್ನು ನೋಡಿ. ಹಗಲಲ್ಲಿ ಬೀದಿಗೆ ಬಂದಿದ್ದಾಳೆ. ಪರದೆ ಇಲ್ಲ. ನಾಚಿಕೆಯಿಂದ ಕುಗ್ಗಿಹೋಗಿದ್ದಾಳೆ. ದಾರಿಯಲ್ಲಿ ಹೋಗುವ ಹೆಂಗಸರು ಅವಳನ್ನು ನೋಡಿ ತಮಾಷೆ ಮಾಡುತ್ತಾರೆ. ಯಾಕೆ ಅಂದರೆ ಅವಳು ಗಂಡಸರ ಹಾಗೆ ಕಾಣುತ್ತಾಳಂತೆ. ಅಂದರೆ ಅಲ್ಲಿಯ ಗಂಡಸರ ಹಾಗೆ, ಹೆದರಿಕೊಂಡು ನಾಚಿಕೊಂಡು! ಅಂಥ ನಾಡಿನಲ್ಲಿ ಕೂಡ ಅವಳ ಕಾಲು ನಡುಗುತ್ತದೆ. ಕನಸು ಬಿದ್ದರೂ ಮೈಗೆ ರೂಢಿಯಾದ ಭಯ ಬಿಟ್ಟುಹೋಗಿಲ್ಲ. ಲೇಖನದಲ್ಲಿ ಇದನ್ನು ಹೇಗೆ ತರುತ್ತೀರಿ?

ಕಾಡುಮಲ್ಲಿಗೆ

ರೊಕೇಯಾ ಅವರ ಕಥೆಯಲ್ಲಿ ನಗು ಕೂಡ ತುಂಬಾ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಗಂಡಸರು ಆಫೀಸಿನಲ್ಲಿ ದಿನಕ್ಕೆ ಹನ್ನೆರಡು ಚುಟ್ಟಾ ಸೇದುತ್ತಾರೆ, ಒಂದಕ್ಕೆ ಅರ್ಧ ಗಂಟೆ, ಅಲ್ಲಿಗೆ ಆರು ಗಂಟೆ ಹೊಗೆಯಲ್ಲೇ ಹೋಯಿತು ಅಂತ ಕನಸಿನಲ್ಲಿ ಆ ನಾಡು ತೋರಿಸುವ ಸಿಸ್ಟರ್ ಸಾರಾ ಲೆಕ್ಕ ಹಾಕುತ್ತಾಳೆ. ರೊಕೇಯಾ ಅವರ ಗಂಡ ಪ್ರವಾಸಕ್ಕೆ ಹೋಗಿದ್ದಾಗ ಹೊತ್ತು ಕಳೆಯಲು ಬರೆದದ್ದು. ಗಂಡ ಬಂದು ನಿಂತಲ್ಲೇ ನಿಂತು ಪೂರ್ತಿ ಓದಿ, ಇದು ಭಯಂಕರ ಸೇಡು ಅಂದರಂತೆ. ಮೆಚ್ಚಿಕೊಂಡೇ ಹೇಳಿದ್ದು.

ಹಳೇಪುಟ ಅವರ ಮಾತಿಗೆ ನಾನು ಒಂದು ಸೇರಿಸುತ್ತೇನೆ. ಈ ಬಗೆಯ ಕಥೆಗಳಲ್ಲಿ ಎಷ್ಟೋ ಕಥೆ ಹೇಳಿದವರ ಹೆಸರೇ ಉಳಿದಿಲ್ಲ. ಎ. ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆ ನೆನಪಿದೆಯಾ? ಒಂದು ಕೊಡ ನೀರು ಮೈಮೇಲೆ ಸುರಿಸಿಕೊಂಡರೆ ಅವಳು ಮರವಾಗುತ್ತಾಳೆ. ಹೂ ಕಿತ್ತುಕೊಂಡ ಮೇಲೆ ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಅವಳ ಒಂದೇ ಷರತ್ತು, ಎಲೆ ಚಿಗುರಿಗೆ ನೋವಾಗದ ಹಾಗೆ ಹೂ ಕೀಳಬೇಕು. ಗಂಡನ ತಂಗಿ ಮತ್ತು ಅವಳ ಗೆಳತಿಯರು ಕೊಂಬೆ ಮುರಿಯುತ್ತಾರೆ. ನೀರನ್ನೂ ಸರಿಯಾಗಿ ಸುರಿಯದೆ ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮೈಯಾಗಿ ಉಳಿಯುತ್ತಾಳೆ. ಇದು ಹೆಂಗಸರು ಹೇಳುತ್ತಾ ಬಂದ, ಹೆಂಗಸಿನ ಸುತ್ತಲೇ ಸುತ್ತುವ ಕಥೆ ಅನ್ನುವುದನ್ನು ರಾಮಾನುಜನ್ ಒತ್ತಿ ಹೇಳಿದರು. ಮೊದಲು ಯಾವ ಹೆಂಗಸು ಇದನ್ನು ಹೀಗೆ ಕಟ್ಟಿದಳೋ, ಅವಳು ನನ್ನ ಲೆಕ್ಕದಲ್ಲಿ ಲೆ ಗ್ವಿನ್‌ಗೆ ಸಮ.

ಏಂಜೆಲಾ ಕಾರ್ಟರ್ ಅವರ 'ದಿ ಬ್ಲಡಿ ಚೇಂಬರ್' (1979) ಕೂಡ ಈ ದಾರಿಯದೇ. ಹೆಂಡತಿಯರನ್ನು ಕೊಲ್ಲುವ ನೀಲಿಗಡ್ಡದವನ ಹಳೆಯ ಕಥೆ. ಫ್ರೆಂಚ್ ಲೇಖಕ ಪೆರೋ ಹೇಳಿದಾಗ ಹುಡುಗಿಯನ್ನು ಉಳಿಸಲು ಅಣ್ಣತಮ್ಮಂದಿರು ಬರುತ್ತಾರೆ. ಕಾರ್ಟರ್ ಹೇಳಿದಾಗ ಅವಳ ತಾಯಿ ಬರುತ್ತಾಳೆ. ಕುದುರೆ ಮೇಲೆ, ಕೈಯಲ್ಲಿ ಗಂಡನ ರಿವಾಲ್ವರ್ ಹಿಡಿದು.

ನೀಲಿಶಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ದಿ ವೈಫ್ಸ್ ಸ್ಟೋರಿ' ಓದಿದೆವು. ಹಳೇಪುಟ ಅವರು ಹೇಳಿದ ಹಾಗೆ ಏನೂ ಹೇಳದೆ, ಒಬ್ಬೊಬ್ಬರು ಒಂದೊಂದು ಪ್ಯಾರಾ ಜೋರಾಗಿ ಓದಿದೆವು. ಕೊನೆಯ ಪುಟದಲ್ಲಿ ಓದುತ್ತಿದ್ದವಳ ದನಿ ನಿಂತೇಹೋಯಿತು.

ಆದರೆ ನನ್ನ ಗೆಳತಿ ಈಗ ಹೊಸ ಪ್ರಶ್ನೆ ತಂದಿದ್ದಾಳೆ. "ಚೆನ್ನಾಗಿದೆ, ಒಪ್ಪಿದೆ. ಆದರೆ ಇದು ಒಂದು ಟ್ರಿಕ್ ಅಲ್ವಾ? ಗುಟ್ಟು ಗೊತ್ತಾದ ಮೇಲೆ ಎರಡನೇ ಸಲ ಓದೋಕೆ ಏನಿದೆ?" 'ದಿ ಲಾಟರಿ' ಬಗ್ಗೆಯೂ ಅವಳು ಹಾಗೇ ಹೇಳುತ್ತಾಳೆ. ಇನ್ನೊಂದು ಕೇಳಬೇಕು. ಬಟ್ಲರ್ ಅವರದು ಓದಿಸಬಹುದಾ? ಗುಂಪಿನಲ್ಲಿ ಒಬ್ಬಳು ಬಸುರಿ.

ಹಳೇಪುಟ

ಎರಡನೇ ಸಲವೇ ಓದಬೇಕು. ಗುಟ್ಟು ಗೊತ್ತಾದ ಮೇಲೆ, ಚಿಕ್ಕ ಮಗು ಅಪ್ಪನನ್ನು ಕಂಡು ಹೆದರಿ ಅಮ್ಮನನ್ನು ಅಪ್ಪಿಕೊಳ್ಳುವ ಜಾಗಕ್ಕೆ ಹೋಗಿ. ಅವನ ಮೈಯಿಂದ ಬೇರೆ ವಾಸನೆ ಬಂತು ಅಂತ ಅವಳು ಹೇಳುವ ಜಾಗಕ್ಕೆ ಹೋಗಿ. ಮೊದಲ ಸಲ ಓದಿದಾಗ ಆ ವಾಸನೆಗೆ ನೀವು ಯಾವ ಅರ್ಥ ಕೊಟ್ಟಿರಿ? ಬೇರೆ ಹೆಂಗಸು ಅಂತ ತಾನೇ? ಹಾಗೆ ಅಂದುಕೊಂಡದ್ದು ನೀವು. ಅವಳು ಒಂದು ಸುಳ್ಳೂ ಹೇಳಿಲ್ಲ. ಅವಳಿಗೆ ಗೊತ್ತಿದ್ದ ಲೋಕವನ್ನು ಇದ್ದಹಾಗೇ ಹೇಳಿದ್ದಾಳೆ. ಟ್ರಿಕ್‌ನಲ್ಲಿ ಹೇಳುವವರು ನಮ್ಮಿಂದ ಏನನ್ನೋ ಬಚ್ಚಿಡುತ್ತಾರೆ. ಇಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಎರಡನೇ ಓದಿನಲ್ಲಿ ಆ ಕಥೆ ಒಂದು ವಿಧವೆಯ ದುಃಖದ ಕಥೆ. ನನಗೆ ಅದೇ ಹೆಚ್ಚು ಇಷ್ಟ.

'ದಿ ಲಾಟರಿ'ಯಲ್ಲೂ ಹಾಗೇ. ಹೇಳುವವರು ಯಾರು ಅಂತಲೇ ಅಲ್ಲಿ ತಿಳಿಯುವುದಿಲ್ಲ. ಯಾರೋ ಜನರ ನಡುವೆ ನಿಂತು, ಬಿಸಿಲು ಹೇಗಿತ್ತು, ಕಪ್ಪು ಪೆಟ್ಟಿಗೆ ಎಷ್ಟು ಹಳೆಯದು ಅಂತ ನಿಧಾನವಾಗಿ ವಿವರಿಸುತ್ತಾರೆ. ಕೊನೆಗೆ ಊರವರ ಕಲ್ಲೇಟಿಗೆ ಗುರಿಯಾಗುವ ಟೆಸ್ಸಿ ಪಾತ್ರೆ ತೊಳೆಯುತ್ತಿದ್ದಳು, ಅದಕ್ಕೆ ತಡವಾಗಿ ಓಡಿ ಬಂದಳು. ಎಲ್ಲರೂ ನಗುತ್ತಾರೆ. ಎರಡನೇ ಸಲ ಓದುವಾಗ ನನಗೆ ಆ ನಗು ಸಹಿಸಲು ಆಗುವುದಿಲ್ಲ. ಆಮೇಲೆ ಯಾರೋ ಅವಳ ಪುಟ್ಟ ಮಗನ ಕೈಗೂ ಒಂದಿಷ್ಟು ಸಣ್ಣ ಕಲ್ಲು ಕೊಡುತ್ತಾರೆ. ಅದನ್ನೂ ಅದೇ ದನಿಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಆ ದನಿಯಲ್ಲಿ ತಡೆಯುವ ಮನಸ್ಸೇ ಇಲ್ಲ. 1948ರ ಜೂನ್‌ನಲ್ಲಿ 'ದಿ ನ್ಯೂಯಾರ್ಕರ್' ಅದನ್ನು ಪ್ರಕಟಿಸಿದಾಗ ಆ ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪತ್ರ ಬಂದವು. ಒಳ್ಳೆಯ ಮಾತು ಇದ್ದದ್ದು ಹದಿಮೂರರಲ್ಲಿ ಮಾತ್ರ, ಅವೂ ಹೆಚ್ಚಾಗಿ ಗೆಳೆಯರವು ಅಂತ ಜಾಕ್ಸನ್ ಆಮೇಲೆ ಹೇಳಿದ್ದಾರೆ. ಅವರ ತಾಯಿಯೂ ಬೈದಿದ್ದರು. ಬರೀ ಟ್ರಿಕ್‌ಗೆ ಜನ ಅಷ್ಟು ಸಿಟ್ಟಾಗುವುದಿಲ್ಲ.

ಬಸುರಿ ಗೆಳತಿಯ ಬಗ್ಗೆ: ಅವರನ್ನೇ ಕೇಳಿ, ನೀವು ತೀರ್ಮಾನ ಮಾಡಬೇಡಿ. ಏನಿದೆ ಅಂತ ಮೊದಲೇ ಹೇಳಿಬಿಡಿ. ಮನುಷ್ಯರು ಭೂಮಿ ಬಿಟ್ಟು ಬೇರೆ ಗ್ರಹಕ್ಕೆ ಓಡಿಬಂದಿದ್ದಾರೆ. ಅಲ್ಲಿಯ ಜೀವಿಗಳಿಗೆ ಮೊಟ್ಟೆ ಇಡಲು ಬಿಸಿರಕ್ತದ ಮೈ ಬೇಕು. ಗ್ಯಾನ್ ಅನ್ನುವ ಹುಡುಗ ಆ ಮೊಟ್ಟೆ ಹೊರಬೇಕು. ಅವನೇ ಕಥೆ ಹೇಳುತ್ತಾನೆ. ಒಬ್ಬ ಗಂಡಸಿನ ಹೊಟ್ಟೆ ಸೀಳಿ ಮರಿಗಳನ್ನು ಹೊರತೆಗೆಯುವುದನ್ನು ಅವನು ಹತ್ತಿರ ನಿಂತು ನೋಡುತ್ತಾನೆ. ಆ ಪುಟ ಕಠಿಣ. ಮೈಯೊಳಗೆ ಮೊಟ್ಟೆ ಇಡುವ ಬಾಟ್‌ಫ್ಲೈ ಅನ್ನುವ ನೊಣದ ಬಗ್ಗೆ ಬಟ್ಲರ್‌ಗೆ ವಿಪರೀತ ಭಯವಿತ್ತು. ಆ ಭಯವನ್ನು ಎದುರಿಸಲು ಈ ಕಥೆ ಬರೆದೆ ಅಂತ ಅವರೇ ಹೇಳಿದ್ದಾರೆ. ಇದು ಗುಲಾಮಗಿರಿಯ ಕಥೆ ಅಂತ ಎಷ್ಟೋ ಜನ ಓದಿದರು. ಬಟ್ಲರ್ ಒಪ್ಪಲಿಲ್ಲ. ಇದು ಪ್ರೀತಿಯ ಕಥೆ, ಗಂಡಸು ಬಸುರಾಗುವ ಕಥೆ ಅಂದರು.

ಗೂಬೆಕಣ್ಣು

ನನಗೆ ಇದು ಪ್ರೀತಿಯ ಕಥೆ ಅಂತ ಒಪ್ಪಲು ಆಗುವುದಿಲ್ಲ. ಆ ಹುಡುಗನಿಗೆ ಬೇರೆ ದಾರಿ ಎಲ್ಲಿದೆ? ಅವನು ಬೇಡ ಅಂದರೆ ಅವನ ಅಕ್ಕ ಹೊರಬೇಕು. ಇದನ್ನು ಒಪ್ಪಿಗೆ ಅಂತ ಹೇಗೆ ಕರೆಯುತ್ತೀರಿ? ಬರೆದವರು ಹೇಳಿದರು ಅಂತ ನಾವು ಒಪ್ಪಬೇಕಾ?

ಹಳೇಪುಟ

ಒಪ್ಪಬೇಕಾಗಿಲ್ಲ. ಆದರೆ ಬಂದೂಕನ್ನು ಮರೆಯಬೇಡಿ. ಮನುಷ್ಯರ ಹತ್ತಿರ ಬಂದೂಕು ಇರಬಾರದು ಅಂತ ಅಲ್ಲಿ ಕಾನೂನು. ಆ ಮನೆಯಲ್ಲಿ ಒಂದನ್ನು ಬಚ್ಚಿಟ್ಟಿದ್ದಾರೆ. ಗ್ಯಾನ್‌ನ ಮೈಯಲ್ಲಿ ಮೊಟ್ಟೆ ಇಡಬೇಕಾದ ಜೀವಿ ಟಿಗಟಾಯ್ ಅದನ್ನು ಕೊಂಡೊಯ್ಯಲು ನೋಡುತ್ತಾಳೆ. ಗ್ಯಾನ್ ಬಿಡುವುದಿಲ್ಲ. ನಾವು ನಿಮ್ಮ ಸಾಕುಪ್ರಾಣಿ ಅಲ್ಲ ಅನ್ನುವುದಾದರೆ, ನಮ್ಮ ಜೊತೆ ಬಾಳುವಾಗ ನೀನೂ ಸ್ವಲ್ಪ ಅಪಾಯ ಒಪ್ಪಿಕೊಳ್ಳಬೇಕು ಅನ್ನುತ್ತಾನೆ. ಅವಳು ಹೆದರುತ್ತಾಳೆ. ಬಂದೂಕನ್ನು ಬಿಟ್ಟುಕೊಡುತ್ತಾಳೆ. ಆಮೇಲೆ ಮೊಟ್ಟೆ.

ಅವನ ಒಪ್ಪಿಗೆ ಪೂರ್ತಿ ಸ್ವತಂತ್ರ ಅಂತ ನಾನೂ ಹೇಳುವುದಿಲ್ಲ. ಆದರೆ ಅವನು ಆ ಹೊತ್ತಿನಲ್ಲಿ ಒಂದನ್ನು ಕೇಳಿ ಪಡೆದ. ಇದನ್ನು ಅವನೇ ಹೇಳುತ್ತಿರುವುದರಿಂದ ನಮಗೆ ಅವನ ಮನಸ್ಸಿನ ಎರಡೂ ಬದಿ ಕಾಣುತ್ತದೆ. ಅಕ್ಕನನ್ನು ಉಳಿಸಬೇಕು ಅನ್ನುವುದೂ ನಿಜ. ಟಿಗಟಾಯ್ ಬೇರೆ ಯಾರ ಹತ್ತಿರವೂ ಹೋಗಬಾರದು, ತನ್ನವಳಾಗಿಯೇ ಇರಬೇಕು ಅನ್ನುವ ಆಸೆಯೂ ನಿಜ. ಎರಡನೆಯದನ್ನು ಹೇಳಿಕೊಳ್ಳಲು ಅವನಿಗೆ ಕಷ್ಟವಾಗುತ್ತದೆ, ಆದರೂ ಹೇಳಿಕೊಳ್ಳುತ್ತಾನೆ. ಟಿಗಟಾಯ್ ಈ ಕಥೆ ಹೇಳಿದ್ದರೆ ನಾನು ಒಂದು ಮಾತೂ ನಂಬುತ್ತಿರಲಿಲ್ಲ.

ನೀಲಿಶಾಯಿ ಅವರೇ, ಬಟ್ಲರ್ ಓದುವ ದಿನ ನಿಮ್ಮ ಗೆಳತಿಗೇ ಮೊದಲು ಮಾತಾಡಲು ಬಿಡಿ. ಬಂದೂಕು ಯಾಕೆ ಮನೆಯಲ್ಲೇ ಉಳಿಯಿತು ಅಂತ ಕೇಳಿ. ಅವರು ಗೂಬೆಕಣ್ಣು ಅವರ ಕಡೆ ನಿಲ್ಲುತ್ತಾರಾ, ನನ್ನ ಕಡೆಯಾ ಅಂತ ತಿಳಿಯುವ ಆಸೆ ನನಗೆ. ಬಂದು ಬರೆಯಿರಿ.